ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಮತ್ತೆ ಹಾಕಲೇಬೇಕಾ?

ಮಲೆನಾಡಿನ ಸಣ್ಣ ಪೇಟೆಯೊಂದರಲ್ಲಿ ನನ್ನ ಗೆಳೆಯನ ಡಿಟಿಪಿ ಅಂಗಡಿ ಇದೆ. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಎಲ್ಲ ಅಲ್ಲೇ ತಯಾರಾಗುತ್ತವೆ. ಒಂದು ಮಳೆಗಾಲ, ಜೋರು ಸಿಡಿಲಿನ ಮರುದಿನ ಬೆಳಿಗ್ಗೆ ಅವನ ಕಂಪ್ಯೂಟರ್ ಏಳಲಿಲ್ಲ. ಬೇರೆ ಪವರ್ ಸಪ್ಲೈ ಹಾಕಿ ನೋಡಿದರೂ ಫ್ಯಾನ್ ತಿರುಗಲಿಲ್ಲ. ಮದರ್‌ಬೋರ್ಡ್ ಸುಟ್ಟಿತ್ತು. ಫೋನ್ ಮಾಡಿದವನು ಮೊದಲು ಕೇಳಿದ್ದು, "ಬೋರ್ಡ್ ಹೋದರೆ ಹೋಗಲಿ ಮಾರಾಯ, ನನ್ನ ಫಾಂಟು, ಫೈಲು, ಸೆಟ್ಟಿಂಗು ಎಲ್ಲಾ ಹೋಯ್ತಾ?" ಅಂತ.

ಹೋಗಿರಲಿಲ್ಲ. ಅವನ ವಿಂಡೋಸ್ ಇವತ್ತಿಗೂ ಅದೇ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸವು.

ಈ ಪ್ರಶ್ನೆ ಈಗ ತುಂಬಾ ಜನರಿಗೆ ಎದುರಾಗುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆ, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಪ್ರೊಸೆಸರ್ ಬದಲಾದರೆ ಸಾಮಾನ್ಯವಾಗಿ ಬೋರ್ಡೂ ಬದಲಾಗಬೇಕು. ಆಗ ರಿಪೇರಿ ಅಂಗಡಿಯವರು "ಫಾರ್ಮ್ಯಾಟ್ ಮಾಡಲೇಬೇಕು" ಅನ್ನುತ್ತಾರೆ. ಒಂದು ಕಾಲದಲ್ಲಿ ಆ ಮಾತು ಸರಿಯೇ ಇತ್ತು. ಈಗ ಬಹಳಷ್ಟು ಸಲ ಬೇಕಾಗುವುದಿಲ್ಲ.

ವಿಂಡೋಸ್ ಇರುವುದು ಎಲ್ಲಿ?

ಮದರ್‌ಬೋರ್ಡ್ ಅಂದರೆ ಕಂಪ್ಯೂಟರಿನ ಒಳಗಿನ ದೊಡ್ಡ ಹಲಗೆ. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಕೀಬೋರ್ಡ್ ಎಲ್ಲ ಒಂದನ್ನೊಂದು ಮಾತಾಡಿಸುವುದು ಈ ಹಲಗೆಯ ಮೂಲಕ. ಆದರೆ ವಿಂಡೋಸ್ ಇರುವುದು ಬೋರ್ಡಿನ ಮೇಲಲ್ಲ. ಅದು ಹಾರ್ಡ್ ಡಿಸ್ಕಿನಲ್ಲೋ ಎಸ್ಎಸ್‌ಡಿಯಲ್ಲೋ ಇರುತ್ತದೆ. ನಿಮ್ಮ ಫೋಟೋ, ಫಾಂಟ್, ಸಾಫ್ಟ್‌ವೇರ್ ಕೂಡ ಅಲ್ಲೇ.

ಒಬ್ಬ ಅಡುಗೆ ಭಟ್ಟರನ್ನು ನೆನೆಯಿರಿ. ಬೋರ್ಡ್ ಅನ್ನುವುದು ಅಡುಗೆಮನೆ. ಡಿಸ್ಕ್ ಅನ್ನುವುದು ಉಗ್ರಾಣ. ವಿಂಡೋಸ್ ಅನ್ನುವುದು ಭಟ್ಟರು. ಬೋರ್ಡ್ ಬದಲಾಯಿಸುವುದೆಂದರೆ ಅದೇ ಭಟ್ಟರನ್ನು ಅದೇ ಉಗ್ರಾಣದ ಸಮೇತ ಬೇರೆ ಅಡುಗೆಮನೆಗೆ ಕರೆತಂದ ಹಾಗೆ. ಅವರಿಗೆ ಸಾರು ಮಾಡುವುದು ಮರೆತಿರುವುದಿಲ್ಲ. ಒಲೆ ಎಲ್ಲಿದೆ, ನೀರು ಎಲ್ಲಿ ಬರುತ್ತದೆ ಅನ್ನುವುದಷ್ಟೇ ಗೊತ್ತಿರುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿಂದ ಬರುತ್ತದೆ? ವಿಂಡೋಸನ್ನು ಹಳೆಯ ಬೋರ್ಡಿಗೆ ಕಟ್ಟಿಹಾಕುವ ಎಳೆಗಳು ನಾಲ್ಕು. ಡ್ರೈವರ್, ಬೂಟ್ ಆಗುವ ರೀತಿ, ಡಿಸ್ಕಿನ ಬೀಗ, ಮತ್ತೆ ಲೈಸೆನ್ಸ್. ಇವನ್ನು ಮೊದಲೇ ಬಿಚ್ಚಿಟ್ಟರೆ ಕೆಲಸ ಸಲೀಸು.

ಬೀಗದ ಕೈ ಉಗ್ರಾಣದೊಳಗೇ ಇದ್ದರೆ?

ಪ್ರತಿಯೊಂದು ಯಂತ್ರಾಂಶವನ್ನೂ ಹೇಗೆ ಮಾತಾಡಿಸಬೇಕು ಎಂದು ವಿಂಡೋಸಿಗೆ ಹೇಳಿಕೊಡುವ ಸಣ್ಣ ಸಾಫ್ಟ್‌ವೇರಿಗೆ ಡ್ರೈವರ್ ಅನ್ನುತ್ತಾರೆ. ಸೌಂಡಿನ ಡ್ರೈವರ್ ಇಲ್ಲದಿದ್ದರೆ ಹಾಡು ಕೇಳುವುದಿಲ್ಲ, ಅಷ್ಟೇ. ಆಮೇಲೆ ಹಾಕಿಕೊಂಡರಾಯಿತು. ಆದರೆ ಡಿಸ್ಕ್ ಓದುವ ಡ್ರೈವರೇ ಇಲ್ಲದಿದ್ದರೆ?

ಕಂಪ್ಯೂಟರ್ ಆನ್ ಮಾಡಿದ ಮೊದಲ ಕೆಲವು ಕ್ಷಣ ಡಿಸ್ಕನ್ನು ಓದಿಕೊಡುವುದು ಬೋರ್ಡೇ. ವಿಂಡೋಸಿನ ತಿರುಳನ್ನೂ ತುರ್ತಾಗಿ ಬೇಕಾದ ಕೆಲವು ಡ್ರೈವರ್‌ಗಳನ್ನೂ ಅದು ಮೆಮೊರಿಗೆ ತಂದು ಹಾಕುತ್ತದೆ. ಆಮೇಲೆ ವಿಂಡೋಸ್ "ಇನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಕೆಲಸ ವಹಿಸಿಕೊಳ್ಳುತ್ತದೆ. ಆ ಕ್ಷಣದಲ್ಲಿ ಹೊಸ ಬೋರ್ಡಿಗೆ ಹೊಂದುವ ಡಿಸ್ಕ್ ಡ್ರೈವರ್ ಅದರ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಡಿಸ್ಕಿನಿಂದ ತರಬೇಕು. ಡಿಸ್ಕಿನಿಂದ ತರಲು ಡ್ರೈವರ್ ಬೇಕು! ಉಗ್ರಾಣದ ಬೀಗದ ಕೈ ಉಗ್ರಾಣದೊಳಗೇ ಉಳಿದ ಹಾಗೆ. ಭಟ್ಟರು ಬಾಗಿಲಲ್ಲೇ ನಿಲ್ಲುತ್ತಾರೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬೋರ್ಡ್ ಬದಲಾಯಿಸಿದವರು ಕಂಡ, 7ಬಿ ಅನ್ನುವ ಸಂಖ್ಯೆಯ ನೀಲಿ ಪರದೆ ಇದೇ. "ಬೂಟ್ ಆಗಬೇಕಾದ ಡಿಸ್ಕ್ ನನಗೆ ಸಿಗುತ್ತಿಲ್ಲ" ಅನ್ನುವುದು ಅದರ ಅರ್ಥ. ಫಾರ್ಮ್ಯಾಟ್ ಮಾಡಲೇಬೇಕು ಅನ್ನುವ ಮಾತು ಹುಟ್ಟಿಕೊಂಡದ್ದು ಆ ಕಾಲದಲ್ಲಿ.

ವಿಂಡೋಸ್ 8ರಿಂದೀಚೆಗೆ ಪರಿಸ್ಥಿತಿ ಸುಧಾರಿಸಿತು. ಈಗಿನ ಬಹುತೇಕ ಬೋರ್ಡ್‌ಗಳು ಸಾಟಾ ಡಿಸ್ಕಿಗೆ ಎಎಚ್‌ಸಿಐ, ಬೋರ್ಡಿಗೇ ಸಿಕ್ಕಿಸುವ ಹೆಚ್ಚಿನ ಎಂ.2 ಡಿಸ್ಕಿಗೆ ಎನ್‌ವಿಎಂಇ ಅನ್ನುವ ಸಾಮಾನ್ಯ ಕ್ರಮಗಳನ್ನೇ ಪಾಲಿಸುತ್ತವೆ. ಎರಡಕ್ಕೂ ಬೇಕಾದ ಡ್ರೈವರ್ ವಿಂಡೋಸ್ 10 ಮತ್ತು 11ರ ಜೊತೆಗೇ ಬರುತ್ತದೆ. ಅಡುಗೆಮನೆ ಬೇರೆಯಾದರೂ ಎಲ್ಲ ಉಗ್ರಾಣಗಳಿಗೂ ಒಂದೇ ನಮೂನೆಯ ಬೀಗ ಬಂದಂತೆ. ಹಾಗಾಗಿ ಇಂಟೆಲ್‌ನಿಂದ ಎಎಂಡಿಗೆ ಹೋದರೂ ಸಾಮಾನ್ಯವಾಗಿ ವಿಂಡೋಸ್ ಏಳುತ್ತದೆ.

ಎಡವುವುದು ಒಂದು ಕಡೆ. ಕೆಲವು ಬೋರ್ಡ್‌ಗಳ ಬಯಾಸ್‌ನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪುಟದಲ್ಲಿ, ಡಿಸ್ಕಿನ ವ್ಯವಸ್ಥೆಯನ್ನು ಎಎಚ್‌ಸಿಐ ಬದಲು ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಕ್ರಮ) ಅಂತ ಇಟ್ಟಿರುತ್ತಾರೆ. ಇಂಟೆಲ್‌ನ ಹೊಸ ಬೋರ್ಡ್‌ಗಳಲ್ಲಿ ವಿಎಂಡಿ ಅನ್ನುವ ಇನ್ನೊಂದು ಆಯ್ಕೆ ಇದೆ. ಹಳೆಯದರಲ್ಲಿ ಒಂದು ರೀತಿ, ಹೊಸದರಲ್ಲಿ ಇನ್ನೊಂದು ರೀತಿ ಇದ್ದರೆ ಮತ್ತೆ ಅದೇ ನೀಲಿ ಪರದೆ. ಹೊಸ ಬೋರ್ಡಿನ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ, ಸಾಟಾ ಸೆಟ್ಟಿಂಗನ್ನು ಎಎಚ್‌ಸಿಐಗೆ ತಂದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಡಿಸ್ಕ್‌ಗಳನ್ನು ರೇಡ್‌ನಲ್ಲಿ ಜೋಡಿಸಿಟ್ಟವರು ಮಾತ್ರ ಹೀಗೆ ಮಾಡಬಾರದು.

ಹಳೆಯ ಬೋರ್ಡ್ ಇನ್ನೂ ಜೀವಂತ ಇದ್ದರೆ ಇನ್ನೊಂದು ಉಪಾಯ ಇದೆ. ಸಿಸ್ಟಂ ಕಾನ್ಫಿಗರೇಶನ್‌ನಲ್ಲಿ, ಬೂಟ್ ಅನ್ನುವ ಟ್ಯಾಬಿನಲ್ಲಿ, ಸೇಫ್ ಬೂಟ್ ಆಯ್ಕೆಗೆ ಟಿಕ್ ಹಾಕಿ ಶಟ್‌ಡೌನ್ ಮಾಡಿ. ಆಮೇಲೆ ಬೋರ್ಡ್ ಬದಲಾಯಿಸಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಸುಮ್ನೆ ಮಲಗಿಸಿಟ್ಟ ಡಿಸ್ಕ್ ಡ್ರೈವರ್‌ಗಳನ್ನೂ ಎಬ್ಬಿಸಿ ಪ್ರಯತ್ನಿಸುತ್ತದೆ. ಒಮ್ಮೆ ಎದ್ದ ಮೇಲೆ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದರಾಯಿತು. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಹೋಗಬಹುದು. ಪಾಸ್‌ವರ್ಡ್ ನೆನಪಿರಬೇಕು.

ಡಿಸ್ಕ್ ಇದೆ, ಆದರೂ ಬೋರ್ಡ್ ಏಳಿಸುತ್ತಿಲ್ಲ

ಗೆಳೆಯನ ಕಂಪ್ಯೂಟರಿನಲ್ಲಿ ಕೈಕೊಟ್ಟಿದ್ದು ಇದು. ಅವನ ಹಳೆಯ ಬೋರ್ಡ್ ಎಚ್81 ಚಿಪ್‌ಸೆಟ್‌ನದು (ಚಿಪ್‌ಸೆಟ್ ಅಂದರೆ ಬೋರ್ಡಿನ ಮುಖ್ಯ ಚಿಪ್). 2013ರ ಹೊತ್ತಿನ ಈ ಬೋರ್ಡ್‌ಗಳು ನಮ್ಮ ಕಡೆ ಸಣ್ಣ ಅಂಗಡಿ, ಕಚೇರಿಗಳಲ್ಲಿ ಎಷ್ಟೋ ಇವೆ. ಅದರಲ್ಲಿ ವಿಂಡೋಸನ್ನು ಹಳೆಯ ಕ್ರಮದಲ್ಲಿ ಹಾಕಿದ್ದರು.

ಬೂಟ್ ಆಗುವುದಕ್ಕೆ ಎರಡು ಕ್ರಮಗಳಿವೆ. ಹಳೆಯದು ಲೆಗಸಿ ಬಯಾಸ್. ಅದು ಡಿಸ್ಕಿನ ಮೊದಲ ತುಣುಕನ್ನು ಕಣ್ಣುಮುಚ್ಚಿ ಓದಿ ಓಡಿಸುತ್ತದೆ. ಇಂಥ ಡಿಸ್ಕಿನ ವಿಭಜನೆಯ ಪಟ್ಟಿಗೆ ಎಂಬಿಆರ್ ಎಂದು ಹೆಸರು. ಹೊಸದು ಯುಇಎಫ್ಐ. ಅದು ಡಿಸ್ಕಿನಲ್ಲಿರುವ ಒಂದು ಪುಟ್ಟ ಪಾರ್ಟಿಶನ್ ತೆರೆದು, ಅಲ್ಲಿರುವ ಬೂಟ್ ಫೈಲನ್ನು ಹುಡುಕಿ ಓಡಿಸುತ್ತದೆ. ಅಲ್ಲಿ ಪಟ್ಟಿಗೆ ಜಿಪಿಟಿ ಎಂದು ಹೆಸರು. ಹೊಸ ಬೋರ್ಡ್‌ಗಳು ಹಳೆಯ ಕ್ರಮವನ್ನು ಬಿಟ್ಟುಬಿಡುತ್ತಿವೆ. ಹಾಗಾಗಿ ಎಂಬಿಆರ್ ಡಿಸ್ಕನ್ನು ತಂದು ಹಾಕಿದರೆ ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಜನ ಹೆದರುವುದು ಇಲ್ಲಿ.

ಪರಿಹಾರ ಮೈಕ್ರೋಸಾಫ್ಟ್ ಕಡೆಯಿಂದಲೇ ಇದೆ. 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್‌ಟುಜಿಪಿಟಿ ಎಂಬ ಉಪಕರಣ ವಿಂಡೋಸಿನೊಳಗೇ ಇದೆ. ಟು ಅನ್ನುವ ಕಡೆ 2 ಎಂದು ಟೈಪ್ ಮಾಡಬೇಕು. ಫೈಲ್‌ಗಳನ್ನು ಅಳಿಸದೆ ಡಿಸ್ಕನ್ನು ಹೊಸ ಕ್ರಮಕ್ಕೆ ತರುತ್ತದೆ. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಜಾಸ್ತಿ ಇರಬಾರದು. ಬೋರ್ಡ್ ಸತ್ತೇ ಹೋಗಿದ್ದರೂ ಅಡ್ಡಿಯಿಲ್ಲ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಅಲ್ಲಿಂದಲೇ ಇದನ್ನು ಓಡಿಸಬಹುದು. ನಾವು ಮಾಡಿದ್ದೂ ಹಾಗೆಯೇ. ಅದಕ್ಕೆ ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿಕೊಂಡೆವು. ಅದನ್ನು ಯಾರೂ ಬಿಡಬೇಡಿ. ನಡುವೆ ಕರೆಂಟ್ ಹೋದರೆ ನಿಮ್ಮನ್ನು ಕಾಪಾಡುವುದು ಆ ನಕಲು ಒಂದೇ.

ನಿಮ್ಮ ವಿಂಡೋಸ್ 32 ಬಿಟ್‌ನದಾಗಿದ್ದರೆ ಮಾತ್ರ ಈ ದಾರಿ ಇಲ್ಲ. ಈಗಿನ ಬೋರ್ಡ್‌ಗಳ ಯುಇಎಫ್ಐ 64 ಬಿಟ್‌ನದು. ವಿಂಡೋಸ್ 11 ಬರುವುದೂ 64 ಬಿಟ್‌ನಲ್ಲಿ ಮಾತ್ರ. ಆಗ ಹೊಸದಾಗಿ ಹಾಕಲೇಬೇಕು.

48 ಅಂಕಿಯ ಸಂಖ್ಯೆ ನಿಮ್ಮ ಹತ್ತಿರ ಇದೆಯೇ?

ಈ ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಮೇಲಿನ ತೊಂದರೆಗಳಿಗೆಲ್ಲ ಮದ್ದಿದೆ. ಇಲ್ಲಿ ತಪ್ಪಿದರೆ ಮದ್ದಿಲ್ಲ.

ಬಿಟ್‌ಲಾಕರ್ ಅನ್ನುವುದು ಡಿಸ್ಕಿಗೆ ಹಾಕುವ ಬೀಗ. ಅದು ಡಿಸ್ಕಿನ ಪ್ರತಿಯೊಂದು ಅಕ್ಷರವನ್ನೂ ಗುಟ್ಟಿನ ಲಿಪಿಗೆ ತಿರುಗಿಸಿಡುತ್ತದೆ. ಹೋಮ್ ಆವೃತ್ತಿಯಲ್ಲಿ ಇದೇ ಬೀಗಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿದೆ. ನಾನು ಯಾವ ಬೀಗವನ್ನೂ ಹಾಕಿಲ್ಲ ಎಂದು ನೀವು ಅಂದುಕೊಂಡಿರಬಹುದು. ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋದಾಗ, ಅದು ತಾನಾಗಿಯೇ ಬಿದ್ದಿರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದಾಗ ಇನ್ನೂ ಹೆಚ್ಚು ಯಂತ್ರಗಳಲ್ಲಿ ಹೀಗಾಗುತ್ತದೆ.

ಬೀಗದ ಕೈಯನ್ನು ಕಾಯುವುದು ಟಿಪಿಎಂ. ಅದು ಬೋರ್ಡಿನ ಮೇಲಿನ ಚಿಪ್ ಆಗಿರಬಹುದು, ಅಥವಾ ಪ್ರೊಸೆಸರಿನೊಳಗೇ ಇರಬಹುದು. ದಿನವೂ ಆನ್ ಮಾಡಿದಾಗ ಅದು "ಅದೇ ಮನೆ, ಅದೇ ಬಾಗಿಲು" ಎಂದು ನೋಡಿ ಸದ್ದಿಲ್ಲದೆ ಬೀಗದ ಕೈಯನ್ನು ವಿಂಡೋಸಿಗೆ ಕೊಡುತ್ತದೆ. ನಿಮಗೆ ಬೀಗ ಇರುವುದೇ ಗೊತ್ತಾಗುವುದಿಲ್ಲ. ಬೋರ್ಡ್ ಬದಲಾದರೆ ಹೊಸ ಟಿಪಿಎಂಗೆ ಈ ಡಿಸ್ಕಿನ ಪರಿಚಯವೇ ಇರುವುದಿಲ್ಲ. ಆಗ ನೀಲಿ ಪರದೆಯೊಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ. ರಿಪೇರಿಯವರಿಂದಲೂ ಆಗದು, ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟ್ ಕೂಡ ಹುಟ್ಟಿಸಿ ಕೊಡಲಾರದು.

ಹಾಗಾಗಿ ಬೋರ್ಡ್ ಚೆನ್ನಾಗಿರುವಾಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಈ ಬೀಗ ಇದೆಯೇ ನೋಡಿ. ಇದ್ದರೆ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಪುಟದಲ್ಲಿ ರಿಕವರಿ ಕೀ ಸಿಗುತ್ತದೆಯೇ ಎಂದು ಫೋನಿನಿಂದಲೇ ತೆರೆದು ನೋಡಿ, ಕಾಗದದಲ್ಲಿ ಬರೆದಿಡಿ. ಬೋರ್ಡ್ ಬದಲಾಯಿಸುವ ಮೊದಲು ಬೀಗವನ್ನು ಪೂರ್ತಿ ತೆಗೆದುಬಿಡುವುದು ಇನ್ನೂ ನಿಶ್ಚಿಂತೆ. ದೊಡ್ಡ ಡಿಸ್ಕಾದರೆ ಕೆಲವು ಗಂಟೆ ಬೇಕಾಗಬಹುದು. ಹಿಂದಿನ ರಾತ್ರಿಯೇ ಶುರು ಮಾಡಿ.

ಎಎಂಡಿ ಬಳಸುವವರಿಗೆ ಇನ್ನೊಂದು ಮಾತು. ಪ್ರೊಸೆಸರ್ ಬದಲಾದಾಗ ಕೆಲವು ಬೋರ್ಡ್‌ಗಳು ಟಿಪಿಎಂ ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಎಂದು ಕೇಳುತ್ತವೆ. ಬೀಗ ಹಾಗೇ ಇದ್ದು, ಆ 48 ಅಂಕಿ ಕೈಯಲ್ಲಿ ಇಲ್ಲದಿದ್ದರೆ ವೈ ಒತ್ತಬೇಡಿ.

ಪಿನ್, ಬೆರಳಚ್ಚು ಕೂಡ ಟಿಪಿಎಂಗೆ ಅಂಟಿಕೊಂಡಿರುತ್ತವೆ. ಹೊಸ ಬೋರ್ಡಿನಲ್ಲಿ ಪಿನ್ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಅಕೌಂಟಿನ ಪಾಸ್‌ವರ್ಡ್ ಕೊಟ್ಟು ಹೊಸ ಪಿನ್ ಮಾಡಿಕೊಳ್ಳಬಹುದು. ವರ್ಷಗಟ್ಟಲೆ ಪಿನ್ ಮಾತ್ರ ಒತ್ತಿ ಪಾಸ್‌ವರ್ಡ್ ಮರೆತವರು ತುಂಬಾ ಜನ. ಇದನ್ನೂ ಮೊದಲೇ ನೋಡಿಕೊಳ್ಳಿ.

ಲೈಸೆನ್ಸ್ ಬೋರ್ಡಿನದೋ, ನಿಮ್ಮದೋ?

ವಿಂಡೋಸ್ ಅಸಲಿ ಎಂದು ಒಪ್ಪಿಕೊಳ್ಳುವುದಕ್ಕೆ ಆಕ್ಟಿವೇಶನ್ ಅನ್ನುತ್ತಾರೆ. ಅದು ಯಂತ್ರದ ಭಾಗಗಳನ್ನೆಲ್ಲ ನೋಡಿ ಒಂದು ಗುರುತು ಮಾಡಿಟ್ಟುಕೊಂಡಿರುತ್ತದೆ. ರ‍್ಯಾಮ್ ಬದಲಾದರೆ ಅಷ್ಟಾಗಿ ಲೆಕ್ಕಿಸುವುದಿಲ್ಲ. ಬೋರ್ಡ್ ಬದಲಾದರೆ ಇದು ಬೇರೆಯೇ ಕಂಪ್ಯೂಟರ್ ಅಂದುಕೊಳ್ಳುತ್ತದೆ.

ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸ್ ನಿಮ್ಮದು. ಹೊಸ ಬೋರ್ಡಿಗೆ ಒಯ್ಯಬಹುದು. ಬ್ರ್ಯಾಂಡೆಡ್ ಕಂಪ್ಯೂಟರ್ ಜೊತೆ ಬಂದ ಒಇಎಂ ಲೈಸೆನ್ಸ್ ಆ ಬೋರ್ಡಿನದು, ಎಷ್ಟೋ ಯಂತ್ರಗಳಲ್ಲಿ ಅದರ ಕೀ ಬೋರ್ಡಿನ ಚಿಪ್‌ನಲ್ಲೇ ಅಡಗಿರುತ್ತದೆ. ಬೋರ್ಡ್ ಕೆಟ್ಟು ತಯಾರಕರೇ ಬದಲಿಸಿಕೊಟ್ಟರೆ ಲೈಸೆನ್ಸ್ ಮುಂದುವರಿಯುತ್ತದೆ. ನೀವೇ ಬೇಕೆಂದು ಅಪ್‌ಗ್ರೇಡ್ ಮಾಡಿದರೆ ನಿಯಮದ ಪ್ರಕಾರ ಹೊಸ ಲೈಸೆನ್ಸ್ ಕೊಳ್ಳಬೇಕು.

ನಿಮ್ಮದು ಯಾವುದು? ರನ್ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಓರೆಗೆರೆ (/) ಹಾಕಿ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ರೀಟೇಲ್ ಅಥವಾ ಒಇಎಂ ಎಂದು ಕಾಣುತ್ತದೆ.

ರೀಟೇಲ್ ಇರುವವರು ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಟ್ಟರೆ ಒಳ್ಳೆಯದು. ವಿಂಡೋಸ್ 10ರ 1607 ಆವೃತ್ತಿಯಿಂದ ಈ ಅನುಕೂಲ ಇದೆ. ಬೋರ್ಡ್ ಬದಲಾದ ಮೇಲೆ ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಸಾಲನ್ನು ಆರಿಸಿದರೆ ಹಳೆಯ ಯಂತ್ರದ ಹೆಸರು ಕಾಣುತ್ತದೆ. ಅದನ್ನು ಆರಿಸಿಕೊಳ್ಳಿ. ಆಕ್ಟಿವೇಶನ್ ಆಗದಿದ್ದರೂ ವಿಂಡೋಸ್ ನಿಲ್ಲುವುದಿಲ್ಲ. ಮೂಲೆಯಲ್ಲಿ ಒಂದು ಸಾಲು ಕಾಣುತ್ತಿರುತ್ತದೆ, ವಾಲ್‌ಪೇಪರ್‌ನಂಥ ಆಯ್ಕೆಗಳು ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿರುತ್ತವೆ.

ವಿಂಡೋಸ್ ಅಷ್ಟೇ ಅಲ್ಲ, ಬೇರೆ ಸಾಫ್ಟ್‌ವೇರ್‌ಗಳೂ ಬೋರ್ಡ್ ನೋಡಿ ಗುರುತು ಹಿಡಿಯುತ್ತವೆ. ಟ್ಯಾಲಿ ಬಳಸುವವರು ಹಳೆಯ ಬೋರ್ಡ್ ನಡೆಯುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳಿ. ನುಡಿಯ ಹಳೆಯ ಫಾಂಟ್‌ಗಳಿಗೆ ಇಂಥ ತೊಡಕಿಲ್ಲ. ಅವು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಗೆಳೆಯ ಫಾರ್ಮ್ಯಾಟ್ ಬೇಡ ಎಂದು ಹಟ ಹಿಡಿದದ್ದು ಇದೇ ಕಾರಣಕ್ಕೆ. ಯೂನಿಕೋಡ್‌ಗೆ ಮುಂಚಿನ ಫೈಲ್‌ಗಳು ಅವನಲ್ಲಿ ರಾಶಿ ಇವೆ. ಸರಿಯಾದ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಬೋರ್ಡ್ ಕೂರಿಸುವ ದಿನ

ಕೊಳ್ಳುವಾಗಲೇ ಹೊಂದಾಣಿಕೆ ನೋಡಿ. ಪ್ರೊಸೆಸರಿಗೆ ತಕ್ಕ ಸಾಕೆಟ್ ಬೇಕು. ಡಿಡಿಆರ್4 ರ‍್ಯಾಮ್ ಡಿಡಿಆರ್5 ಜಾಗದಲ್ಲಿ ಕೂರುವುದಿಲ್ಲ, ಎಎಂಡಿಯ ಎಎಂ5 ಬೋರ್ಡ್‌ಗಳಿಗೆ ಡಿಡಿಆರ್5 ಮಾತ್ರ. ಪ್ರೊಸೆಸರ್ ಚೆನ್ನಾಗಿದ್ದು ಬೋರ್ಡ್ ಮಾತ್ರ ಹೋಗಿದ್ದರೆ ಅದೇ ಚಿಪ್‌ಸೆಟ್‌ನ ಹಳೆಯ ಬೋರ್ಡ್ ಹುಡುಕುವುದು ಎಲ್ಲಕ್ಕಿಂತ ಸುಲಭದ ದಾರಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಇಂಥ ಬೋರ್ಡ್ ಸಿಗುವುದುಂಟು. ಡ್ರೈವರ್‌ಗಳೂ ಹೆಚ್ಚುಕಡಿಮೆ ಅವೇ ಆದ್ದರಿಂದ ವಿಂಡೋಸಿಗೆ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲು ಒಳಗಿನ ವೈರ್‌ಗಳ ಫೋಟೋ ತೆಗೆಯಿರಿ. ಪವರ್ ಬಟನ್‌ನಿಂದ ಬರುವ ಸಣ್ಣ ಸಣ್ಣ ಪಿನ್‌ಗಳು ಎಲ್ಲಿ ಕೂರಬೇಕು ಎನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಹೊಸ ಬೋರ್ಡಿನ ಕೈಪಿಡಿ ನೋಡಲೇಬೇಕು. ಬೋರ್ಡಿನ ಅಡಿಗೆ ಬರುವ ಹಿತ್ತಾಳೆಯ ಗೂಟಗಳು ಸ್ಕ್ರೂ ತೂತುಗಳ ಕೆಳಗೆ ಮಾತ್ರ ಇರಬೇಕು. ಹೆಚ್ಚಿನ ಗೂಟ ಒಂದು ಉಳಿದರೂ ಶಾರ್ಟ್ ಆಗಬಹುದು. ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಾಕಿ.

ಇನ್ನೊಂದು ಕೆಲಸ ಮೊದಲೇ ಮಾಡಿಡಿ. ಹೊಸ ಬೋರ್ಡಿನ ಲ್ಯಾನ್ ಮತ್ತು ವೈಫೈ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ವಿಂಡೋಸ್ ಎದ್ದ ಮೇಲೆ ಉಳಿದ ಡ್ರೈವರ್‌ಗಳನ್ನು ಇಂಟರ್‌ನೆಟ್‌ನಿಂದ ತರುತ್ತದೆ, ಆದರೆ ಇಂಟರ್‌ನೆಟ್ ಬರಬೇಕಾದರೆ ಲ್ಯಾನ್ ಡ್ರೈವರ್ ಬೇಕಲ್ವಾ? ಮರೆತರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.

ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಬೋರ್ಡ್‌ಗಳು ಕೆಲವು ನಿಮಿಷ ಪರದೆ ಕಪ್ಪಾಗಿಟ್ಟು ಕೂರುತ್ತವೆ. ರ‍್ಯಾಮ್ ಜೊತೆ ಹೊಂದಿಕೊಳ್ಳುವ ಕೆಲಸ ಅದು. ಕೆಟ್ಟುಹೋಯಿತು ಎಂದು ಆಫ್ ಮಾಡಬೇಡಿ, ಕಾಯಿರಿ. ಆಮೇಲೆ ವಿಂಡೋಸ್ ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ ಎಂಬ ಸಂದೇಶ ತೋರಿಸಿ, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಬಹುದು. ಭಟ್ಟರು ಹೊಸ ಅಡುಗೆಮನೆಯ ಕಪಾಟುಗಳನ್ನು ತೆರೆದು ನೋಡುತ್ತಿದ್ದಾರೆ.

ಹೊಸದಾಗಿ ಹಾಕುವುದೇ ವಾಸಿ ಎನ್ನುವ ಸಂದರ್ಭ

ವಿಂಡೋಸ್ 7ರಲ್ಲೇ ಇದ್ದವರು ಹೊಸ ಬೋರ್ಡಿನ ಜೊತೆ ಅದನ್ನು ಎಳೆದಾಡುವುದು ಬೇಡ. ಹೊಸ ಬೋರ್ಡ್‌ಗಳಿಗೆ ಅದರ ಡ್ರೈವರ್ ಸಿಗುವುದೇ ಕಷ್ಟ. ಬೋರ್ಡ್ ಕೆಡುವ ಮೊದಲೇ ವೈರಸ್ ಹೊಕ್ಕಿದ್ದರೆ, ದಿನಾ ಹ್ಯಾಂಗ್ ಆಗುತ್ತಿದ್ದರೆ, ಆ ರೋಗವೂ ಹೊಸ ಬೋರ್ಡಿಗೆ ಜೊತೆಯಲ್ಲೇ ಬರುತ್ತದೆ. ಬೋರ್ಡ್ ಬದಲಾಯಿಸಿದ ಮೇಲೆ ಎರಡು ವಾರ ಕಳೆದರೂ ಕಾರಣವಿಲ್ಲದೆ ನಿಲ್ಲುತ್ತಿದ್ದರೆ ನಾನಂತೂ ಹೊಸದಾಗಿ ಹಾಕುತ್ತೇನೆ.

ಲಿನಕ್ಸ್ ಬಳಸುವವರಿಗೆ ಕಷ್ಟ ಕಡಿಮೆ. ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಜೊತೆಗೇ ಇರುತ್ತವೆ. ಉಬುಂಟು ಇರುವ ಡಿಸ್ಕನ್ನು ತೆಗೆದು ಬೇರೆ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ನೇರ ಏಳುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿರಬಹುದು, ಅದನ್ನು ಸರಿಮಾಡಿಕೊಳ್ಳಬೇಕು. ಫೆಡೋರಾದಲ್ಲಿ ಏಳದಿದ್ದರೆ ಬೂಟ್ ಪಟ್ಟಿಯ ರೆಸ್ಕ್ಯೂ ಸಾಲನ್ನು ಆರಿಸಿ ನೋಡಿ.

ಎದ್ದ ಮೇಲೆ

ಬೋರ್ಡ್ ತಯಾರಕರ ಪುಟದಿಂದ ಚಿಪ್‌ಸೆಟ್ ಡ್ರೈವರ್ ಹಾಕಿ. ಹಳೆಯ ಬೋರ್ಡಿನ ಫ್ಯಾನ್, ಲೈಟು, ಸೌಂಡ್ ನೋಡಿಕೊಳ್ಳುತ್ತಿದ್ದ ಸಾಫ್ಟ್‌ವೇರ್‌ಗಳಿದ್ದರೆ ತೆಗೆಯಿರಿ. ಆಮೇಲೆ ಆಕ್ಟಿವೇಶನ್, ಹೊಸ ಪಿನ್. ಎಲ್ಲ ಸರಿಯಿದೆ ಎಂದು ಒಂದು ವಾರ ನೋಡಿ, ಡಿಸ್ಕಿನ ಬೀಗವನ್ನು ಮತ್ತೆ ಹಾಕಿ. ಪೂರ್ತಿ ತೆಗೆದು ಮತ್ತೆ ಹಾಕಿದ ಬೀಗಕ್ಕೆ ರಿಕವರಿ ಕೀಯೂ ಹೊಸದು. ಮೊದಲು ಬರೆದಿಟ್ಟ 48 ಅಂಕಿ ಇನ್ನು ನಡೆಯುವುದಿಲ್ಲ. ಆ ಕಾಗದ ಹರಿದು, ಹೊಸ ಸಂಖ್ಯೆ ಬರೆದಿಡಿ.